ಅವ್ವನ ವಾಸನೆ

ವಿಷಾನಿಲದ ದಾಳಿಗಳು ಸಾಮಾನ್ಯವಾದ ಮೇಲೆ ಎಲ್ಲರ ಮೂಗಿಗೂ ರಕ್ಷೆಯ ಹನಿ ಬೀಳುತ್ತಿತ್ತು. ಅದರಿಂದ ಜೀವ ಉಳಿಯುತ್ತಿತ್ತು, ಆದರೆ ವಾಸನೆ ಹಿಡಿಯುವ ಶಕ್ತಿ ಶಾಶ್ವತವಾಗಿ ಹೋಗುತ್ತಿತ್ತು. ದೇಶದೇಶ ತಿರುಗಿ ದಾದಿಯರಿಗೆ ಆ ಹನಿ ಹಾಕುವುದನ್ನು ಕಲಿಸಿದ್ದ ಮಹಾನಂದಾ, ಈಗ ಹುಬ್ಬಳ್ಳಿಯಲ್ಲಿ ತಂಗಿ ಶಿವಲೀಲಾಳ ಹಸುಗೂಸಿನ ಮುಂದೆ ಕೂತಿದ್ದಳು.

“ಯಕ್ಕಾ, ಕಣ್ಣ ಮುಚ್ಚಿದ್ರೂ ವಾಸನಿ ಹಿಡದ ನನ್ನ ಹುಡಕತಾನ. ಇನ್ನೊಂದ ವಾರ ಬಿಡ.”

ಹೀಗೆಯೇ ಬೇಡಿಕೊಂಡ ತಾಯಂದಿರಿಗೆ ದೂರದ ಊರೊಂದರಲ್ಲಿ ಮಹಾನಂದಾ ಒಮ್ಮೆ ಒಪ್ಪಿದ್ದಳು. ಆ ವಾರವೇ ದಾಳಿಯಾಗಿ, ಊರಿನಲ್ಲಿ ಒಂದು ಕೂಸೂ ಉಳಿದಿರಲಿಲ್ಲ.

“ಆಗೂದಿಲ್ಲವಾ,” ಎಂದು ಮಹಾನಂದಾ ಹನಿ ಹಾಕಿದಳು.

ಶಿವಲೀಲಾ ಕೂಸನ್ನು ಎದೆಗೆ ಹಚ್ಚಿಕೊಂಡಳು. ಅದು ಅತ್ತಿತ್ತ ಮುಖ ಹೊರಳಿಸಿ ಹುಡುಕಿತು, ಹಾಲು ಮುಟ್ಟದೆ ಅಳತೊಡಗಿತು.

“ಏನರ ಮಾತಾಡವಾ, ದನಿ ಗುರ್ತ ಹಿಡೀತಾನ,” ಎಂದು ಮಹಾನಂದಾ ಅಂಗಲಾಚಿದಳು.

ಶಿವಲೀಲಾ ಬಾಯಿ ತೆರೆದಳು. ದನಿಯೇ ಹೊರಡಲಿಲ್ಲ.