ಟೀಚರಮ್ಮನ ನಾಲ್ಕು ಮಾತು

"ಎಲ್ಲರೂ ನಿಮ್ಮನ್ನ ಕರುಣಾಮಯಿ ಅಂದರು, ಸ್ವಾಮಿಗಳೇ. ನನ್ನ ತಮ್ಮನ ವಿಷಯದಲ್ಲಿ ಆ ಕರುಣೆ ಎಲ್ಲಿ ಹೋಗಿತ್ತು?"

ಟೀಚರಮ್ಮ ಮೈಕಿನಲ್ಲಿ ಕೇಳಿಯೇಬಿಟ್ಟಳು. ನಿವೃತ್ತರಾಗುತ್ತಿದ್ದ ಬಿಷಪ್ಪರನ್ನು ಹೊಗಳಿ ನಾಲ್ಕು ಮಾತಾಡಲಿ ಎಂದು ಅವಳನ್ನು ವೇದಿಕೆ ಹತ್ತಿಸಿದವರ ಮುಖ ಕಪ್ಪಿಟ್ಟಿತು. ಹೂಗುಚ್ಛಗಳ ನಡುವೆ ಕೂತಿದ್ದ ಬಿಷಪ್ಪರು ಮಾತ್ರ ಬೆರಳಿನ ಉಂಗುರವನ್ನು ಮೆಲ್ಲಗೆ ತಿರುಗಿಸುತ್ತಿದ್ದರು.

"ಅವನೂ ನಿಮ್ಮ ಕೈಕೆಳಗಿನ ಪಾದ್ರಿಯೇ ಅಲ್ಲವಾ? ಕಿಡ್ನಿ ಕೈಕೊಟ್ಟಿದೆ, ಆಸ್ಪತ್ರೆ ಇರೋ ಊರಿಗೆ ಹಾಕಿ ಅಂತ ಅಂಗಲಾಚಿದ. ಮೊದಲು ವಿಧೇಯತೆ ಕಲೀಲಿ ಅಂದಿರಿ. ಕಲಿತ. ಕಲಿತು ಮಣ್ಣಾದ." ಇಷ್ಟು ವರ್ಷ ಗಂಟಲಲ್ಲಿ ಮುಳ್ಳಾಗಿ ಸಿಕ್ಕಿಕೊಂಡಿದ್ದ ಮಾತು ಈಗ ಸಲೀಸಾಗಿ ಬರುತ್ತಿತ್ತು. "ಇಷ್ಟು ಜನರ ಮುಂದೆ ಒಂದೇ ಒಂದು ಸಲ ತಪ್ಪಾಯ್ತು ಅನ್ನಿ. ಅಲ್ಲೀವರೆಗೂ ನಾನಿಲ್ಲಿಂದ ಕದಲೋದಿಲ್ಲ."

ಬಿಷಪ್ಪರು ಎದ್ದು ನಿಂತರು. ಅವರು ಒಂದಿಷ್ಟೂ ಅವಸರವಿಲ್ಲದೆ, ಪೂಜೆಯ ಕೊನೆಗೆ ಆಶೀರ್ವದಿಸುವ ಹಾಗೆ ಎರಡೂ ಕೈ ಚಾಚಿ, "ಪ್ರಭು ನಿಮ್ಮೊಡನೆ ಇರಲಿ" ಎಂದರು.

ಕುರ್ಚಿಗಳು ಕಿರುಗುಟ್ಟಿದವು, ಸಭೆಗೆ ಸಭೆಯೇ ಎದ್ದಿತು. ತಾಯಿಯ ಕಂಕುಳಲ್ಲಿದ್ದಾಗಲೇ ನಾಲಿಗೆಗೆ ಹತ್ತಿದ್ದ ಉತ್ತರವನ್ನು ತಲೆತಗ್ಗಿಸಿ ಒಕ್ಕೊರಲಿನಿಂದ ಒಪ್ಪಿಸಿತು: "ನಿಮ್ಮೊಡನೆಯೂ ಇರಲಿ."

ಸ್ಪೀಕರಿನಲ್ಲಿ ಎಲ್ಲರಿಗಿಂತ ಜೋರಾಗಿ ಕೇಳಿಸಿದ್ದು ಟೀಚರಮ್ಮನದೇ ದನಿ.