ನೀರಿನಲ್ಲಿ ಅಮ್ಮನ ಕನ್ನಡಕ

ಫೋಟೊಗ್ರಾಫರ್ ಆಗಿದ್ದ ಮಗಳು ಮನೆಯ ವಸ್ತುಗಳನ್ನು ನೀರಿನೊಳಗಿಟ್ಟು ಫೋಟೊ ತೆಗೆಯುತ್ತಿದ್ದಳು; ಬೀಗದ ಕೈ, ಚಮಚಗಳಾದ ಮೇಲೆ ಅಮ್ಮನ ಕನ್ನಡಕವನ್ನು ಗಾಜಿನ ತೊಟ್ಟಿಯ ನೀರಿನಲ್ಲಿ ಮುಳುಗಿಸಿ, ಕ್ಯಾಮೆರಾಕ್ಕೆ ಕಣ್ಣಿಟ್ಟು ತಬ್ಬಿಬ್ಬಾದಳು. ತೊಟ್ಟಿಯಡಿ ಹಾಸಿದ್ದ ಪತ್ರಿಕೆಯ ಅಕ್ಷರಗಳು ಕನ್ನಡಕದೊಳಗಿಂದ ಒಂದಿಷ್ಟೂ ದೊಡ್ಡದಾಗಿ ಕಾಣಲಿಲ್ಲ. ನೀರಿನ ಆಟವಿರಬೇಕೆಂದು ಅದನ್ನು ಹೊರತೆಗೆದು, ಒರೆಸಿ, ತಾನೇ ಹಾಕಿಕೊಂಡಳು. ಆಗಲೂ ಅಷ್ಟೇ; ಬರೀ ಗಾಜು.

“ಅಮ್ಮಾ, ಇದರಲ್ಲಿ ಪವರ್ರೇ ಇಲ್ಲ! ಇಷ್ಟು ವರ್ಷ ಪೇಪರ್ ಹೇಗೆ ಓದಿದೆ?”

ಬಟ್ಟೆ ಮಡಚುತ್ತಿದ್ದ ಅಮ್ಮನ ಕೈ ನಿಂತಿತು. “ಓದೋಕೆ ಬಂದ್ರೆ ತಾನೇ ಓದೋದು? ಸುಮ್ನೆ ಪುಟ ತಿರುಗಿಸ್ತಿದ್ದೆ. ನಿಮ್ಮಪ್ಪಂಗೂ ಕೊನೇತನಕ ಗೊತ್ತಾಗ್ಲಿಲ್ಲ.”

ನಗಬೇಕೋ ಅಳಬೇಕೋ ಮಗಳಿಗೆ ತಿಳಿಯಲಿಲ್ಲ. ಅಮ್ಮ ಪಕ್ಕಕ್ಕೆ ಬಂದು, ತೊಟ್ಟಿಯಡಿಯಿಂದ ಹೊರಚಾಚಿದ್ದ ಪತ್ರಿಕೆಯ ತಲೆಬರಹದ ಮೇಲೆ ಬೆರಳಿಟ್ಟು, ತಗ್ಗಿದ ದನಿಯಲ್ಲಿ ಕೇಳಿದಳು: “ಇದು ಯಾವ ಅಕ್ಷರ?”