ಬೂದು ಚುಕ್ಕೆ

"ಮಾತಾಡದೆ ಇರೋನು ಸುಖವಾಗಿದಾನೋ, ಸತ್ತಿದಾನೋ?" ಹ್ಯೊನ್ ಮಿರಾ ಪರದೆಯನ್ನೇ ನೋಡುತ್ತ ಕೇಳಿದಳು. ಯಾರನ್ನೂ ಕೇಳಿದ್ದಲ್ಲ.

ಕೊರಿಯಾದ ಜೇಜು ದ್ವೀಪದ ದೂರವಾಣಿ ಕಂಪನಿ ಇಂಟರ್ನೆಟ್ ಕಂಪನಿಯೊಂದಿಗೆ ಸೇರಿ ಮೂರು ತಿಂಗಳಾಗಿತ್ತು. ಎರಡೂ ಕಡೆಯ ಯಂತ್ರಗಳನ್ನು ಒಂದೇ ಪರದೆಯಲ್ಲಿ ಕಾಯಬೇಕು; ನಡುವಿನ ದುಭಾಷಿ ಪ್ರೋಗ್ರಾಂ ಬರೆದವಳು ಇಂಟರ್ನೆಟ್ ಕಡೆಯ ಮಿರಾ. ಇಂಟರ್ನೆಟ್ಟಿನವರ ವ್ಯವಸ್ಥೆ ಪ್ರತಿ ಯಂತ್ರವನ್ನೂ ನಿಮಿಷಕ್ಕೊಮ್ಮೆ 'ಹೇಗಿದ್ದೀ?' ಎಂದು ಕೇಳುತ್ತದೆ. ಉತ್ತರ ಬಾರದಿದ್ದರೆ ಸತ್ತಿತೆಂದು ಕೆಂಪು ಚುಕ್ಕೆ ಇಡುತ್ತದೆ. ದೂರವಾಣಿಯವರ ಯಂತ್ರಗಳಿಗೆ ಉತ್ತರಿಸುವ ಅಭ್ಯಾಸವೇ ಇಲ್ಲ. ನೋವಾದಾಗ ಮಾತ್ರ ಬಾಯಿ ಬಿಡುತ್ತವೆ.

"ಮಲಗಿರೋ ಮಗೂನ ನಿಮಿಷಕ್ಕೊಂದ್ಸಲ ಎಬ್ಬಿಸಿ 'ನಿದ್ದೆ ಬಂತಾ ಪುಟ್ಟ' ಅಂತ ಕೇಳೋ ಜನ ನೀವು," ಎಂದರು ಪಕ್ಕದ ಮೇಜಿನ ಜ್ವಾ, ದೂರವಾಣಿ ಕಡೆಯ ಹಿರಿಯ, ಕಿತ್ತಳೆ ಸುಲಿಯುತ್ತ. "ನಮ್ಮವು ಸುಮ್ನಿದ್ರೆ ಚೆನ್ನಾಗಿವೆ ಅಂತ್ಲೇ. ಮೂವತ್ತು ವರ್ಷದಿಂದ ಹಂಗೇ."

"ಕೂಗೋಕಿರೋ ತಂತಿನೇ ಕಡಿದಿದ್ರೆ, ಸರ್?"

ಜ್ವಾ ಒಂದು ತೊಳೆ ಬಾಯಿಗಿಟ್ಟುಕೊಂಡರು. ಮಿರಾ ದುಭಾಷಿಗೆ ಒಂದು ಸಾಲು ಸೇರಿಸಿದಳು: ಸುಮ್ಮನಿರುವವರನ್ನು ಒಮ್ಮೆ ಅವರದೇ ಭಾಷೆಯಲ್ಲಿ ಕರೆದು ನೋಡು. ಕೆಂಪು ಚುಕ್ಕೆಗಳು ಒಂದೊಂದಾಗಿ ಹಸಿರಾದವು. ಒಂದು ಮಾತ್ರ ಬೂದು ಬಣ್ಣಕ್ಕೆ ತಿರುಗಿ ನಿಂತಿತು. ಬೂದು ಎಂದರೆ 'ಗೊತ್ತಿಲ್ಲ'. ಅದು ಕೊಡೋಲ್ ನಡುಗಡ್ಡೆಯ ಯಂತ್ರ: ನಲವತ್ತು ಮನೆ, ಒಬ್ಬಳೇ ನರ್ಸ್, ಇರುವುದೊಂದೇ ಫೋನ್ ತಂತಿ.

ಮ್ಯಾನೇಜರ್ ಪ್ಯೋ ಬಾಗಿಲಿಂದಲೇ ಅಂದರು, "ತಪಾಸಣೆಯವರು ಕೆಳಗೆ ಕಾರಿಳೀತಿದಾರೆ. ಈ ಪರದೆನ ಇವತ್ತು ಒಪ್ಪಲಿಲ್ಲ ಅಂದ್ರೆ ಈ ಕೋಣೆ ಕೆಲಸಾನೇ ಸಿಯೋಲ್‌ಗೆ ಹೋಗುತ್ತೆ, ನಾವು ಮನೆಗೆ. ಅದೇನದು ಬೂದು? ಹಸಿರು ಮಾಡಮ್ಮ."

"ಗೊತ್ತಿಲ್ಲದ್ದನ್ನ ಹೆಂಗೆ ಹಸಿರು ಮಾಡ್ಲಿ, ಸರ್?"

ಪ್ಯೋ ಜ್ವಾ ಕಡೆ ತಿರುಗಿದರು. "ಸುಮ್ನಿದ್ರೆ ಚೆನ್ನಾಗಿದೆ ಅಂತ ನೀವೇ ಅಂತೀರಲ್ಲ. ಅದನ್ನೇ ಬರೆದು ಒಂದು ಸಹಿ ಹಾಕಿ."

ಜ್ವಾ ಫೋನೆತ್ತಿ ನಡುಗಡ್ಡೆಯ ನರ್ಸ್ ನಂಬರು ಒತ್ತಿದರು. ಗಂಟೆಯೂ ಇಲ್ಲ, ಗರಗರವೂ ಇಲ್ಲ. ಮೆಲ್ಲಗೆ ಕೆಳಗಿಟ್ಟರು.

"ಮೊದ್ಲು ದೋಣಿ ಕಳಿಸಿ," ಎಂದರು. "ನಮ್ಮಮ್ಮ ಸಮುದ್ರದಲ್ಲಿ ಮುಳುಗಿ ಚಿಪ್ಪು ಹೆಕ್ಕೋಳು. ಮೇಲೆ ಬಂದು ಬಿಗಿಹಿಡಿದ ಉಸಿರನ್ನ ಶಿಳ್ಳೆಯಾಗಿ ಬಿಡೋವರೆಗೂ, ಅವಳು ಚೆನ್ನಾಗಿದಾಳೆ ಅಂತ ದಡದಲ್ಲಿ ಯಾರಿಗೂ ಹೇಳಿದವನಲ್ಲ ನಾನು. ಸಹಿ ಹಾಕಲ್ಲ."